ಸೋಲಿಗರು ಎಲ್ಲಿಂದ ಬಂದೋರು, ಬೆಟ್ಟದ ಮೇಲೆ ಹೆಂಗೆ ಬೇಸಾಯ ಮಾಡ್ತಿದ್ರು?

ಪ್ರಶ್ನೆ: ಸರ್, ನಾನು ದಾವಣಗೆರೆಲಿ ಹೈಸ್ಕೂಲ್ ಟೀಚರ್. ಮಕ್ಕಳನ್ನ ಟೂರ್ ಕರ್ಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ವಿ, ಅಲ್ಲಿ ಸೋಲಿಗರು ಅನ್ನೋ ಬುಡಕಟ್ಟು ಜನರ ಪೋಡು ನೋಡಿದ್ವಿ. ಜೀಪ್ ಡ್ರೈವರ್ ಒಬ್ರು ಇವರು ಬಿದಿರಿನಿಂದ ಹುಟ್ಟಿದೋರು ಅಂದ್ರು, ಇನ್ನೊಬ್ರು ಇವರು ಕಾಡಿಗೆ ಬೆಂಕಿ ಇಟ್ಟು ಬೇಸಾಯ ಮಾಡ್ತಿದ್ರು, ಅದಕ್ಕೇ ಕಾಡು ಹಾಳಾಗಿದ್ದು ಅಂದ್ರು. ಮಕ್ಕಳು ಈಗ "ಕಾಡು ಸುಡುವ ಜನ" ಅಂತ ಹೆಡ್ಡಿಂಗ್ ಕೊಟ್ಟು ಪ್ರಾಜೆಕ್ಟ್ ಬರೀತಿದಾರೆ. ಇವರು ನಿಜವಾಗ್ಲೂ ಎಲ್ಲಿಂದ ಬಂದವರು? ನಮ್ಮ ಕಡೆ ಮ್ಯಾಸನಾಯಕರಿಗೂ ಇವರಿಗೂ ಸಂಬಂಧ ಇದೆಯಾ? ಬೆಂಕಿ ಇಡೋದು ನಿಜನಾ? ಇನ್ನೊಂದು, ದೇವಸ್ಥಾನದಲ್ಲಿ ಅಷ್ಟು ದೊಡ್ಡ ಚಪ್ಪಲಿ ಯಾಕೆ ಇಟ್ಟಿದಾರೆ ಅಂತ ಮಕ್ಕಳು ಬಿಡದೆ ಕೇಳ್ತಿದಾರೆ.

ಉತ್ತರ:

ಮೇಡಂ, ಬೆಂಕಿ ಪ್ರಶ್ನೆಗೇ ಜಾಸ್ತಿ ಬರೀತೀನಿ, ಉಳಿದಿದ್ದಕ್ಕೆ ಸ್ವಲ್ಪ ಸ್ವಲ್ಪ. ನಾನು ದುರ್ಗದವನು, ಸಮಾಜಶಾಸ್ತ್ರ ಪಾಠ ಹೇಳಿ ರಿಟೈರ್ ಆದವನು, ಆ ಬೆಟ್ಟಕ್ಕೆ ಮೊದಲು ಹೋಗಿದ್ದು ನಿಮ್ಮ ಥರನೇ ಟೂರಿಗೆ, ಆಮೇಲೆ ಹೋಗಿ ಬಂದು ಹೋಗಿ ಬಂದು ಒಂದು ಇಪ್ಪತ್ತು ವರ್ಷ ಆಯ್ತು. ಮೊದಲನೇ ಸಲ ಅಲ್ಲಿ "ಪೋಡು" ಅಂದಿದ್ದು ಕೇಳಿ ನಮ್ಮ ತಾಲೂಕು ಆಫೀಸಿನ ಪೋಡಿ ನೆನಪಾಯ್ತು, ಜಮೀನು ಪೋಡಿ ಮಾಡಿಸೋಕೆ ನಮ್ಮಪ್ಪ ಅಲೆದಿದ್ದು ಸಾಮಾನ್ಯವಾ, ಇಲ್ಲೂ ಅದೇನಾ ಅಂತ ಕೇಳಿಬಿಟ್ಟೆ, ಪಕ್ಕದಲ್ಲಿದ್ದ ಅಜ್ಜ ನಕ್ಕಿದ್ದೇ ನಕ್ಕಿದ್ದು. ಆಂಧ್ರದ ಕಡೆ ಪೋಡು ಅಂದ್ರೆ ಕಾಡು ಸವರಿ ಸುಟ್ಟು ಮಾಡೋ ಬೇಸಾಯ, ನಮ್ಮ ಮಲೆನಾಡಲ್ಲಿ ಅದಕ್ಕೆ ಕುಮರಿ ಅಂತಾರೆ. ಸೋಲಿಗರಲ್ಲಿ ಪೋಡು ಅಂದ್ರೆ ಅವರ ಹಟ್ಟಿ, ವಾಸದ ಜಾಗ. ಹೊಸಪೋಡು, ಬಂಗ್ಲೆಪೋಡು, ಪುರಾಣಿ ಪೋಡು ಅಂತೆಲ್ಲ ನೀವು ಬೋರ್ಡ್ ನೋಡಿರ್ತೀರಿ. ಹೊಲದ ಹೆಸರೂ ಊರಿನ ಹೆಸರೂ ಯಾವ ಕಾಲದಲ್ಲೋ ಒಂದೇ ಆಗಿತ್ತೇನೋ ಅನ್ಸುತ್ತೆ, ಯಾಕಂದ್ರೆ ಹೊಲ ಎಲ್ಲಿಗೆ ಹೋಗ್ತಿತ್ತೋ ಮನೆನೂ ಅಲ್ಲಿಗೇ ಹೋಗ್ತಿತ್ತು.

ಬಿದಿರಿಂದ ಹುಟ್ಟಿದೋರು ಅನ್ನೋದು ಡ್ರೈವರ್ ಕಟ್ಟಿದ ಮಾತಲ್ಲ, ಸೋಲಿಗ ಅನ್ನೋ ಪದಕ್ಕೆ ಬಿದಿರ ಮೆಳೆಯಿಂದ ಬಂದೋರು ಅಂತ ಅರ್ಥ ಹೇಳೋದು ಅಲ್ಲಿ ರೂಢಿ. ಆದರೆ ಅದೊಂದೇ ಕಥೆ ಅಲ್ಲ. ಮಲೆ ಮಾದೇಶ್ವರನ ಕಥೆ ಹಾಡೋ ಕಂಸಾಳೆಯವರನ್ನ ಕೇಳಿದ್ರೆ ಸಂಕಮ್ಮನ ಕಥೆ ಹೇಳ್ತಾರೆ, ಗಂಡ ನೀಲೇಗೌಡ ಅನುಮಾನದ ಮನುಷ್ಯ, ಹೆಂಡ್ತಿಗೆ ಹಿಂಸೆ ಕೊಟ್ಟು ಕಾಡಿಗೆ ಹೋಗ್ತಾನೆ, ಮಾದಪ್ಪ ಬಂದು ಆಕೆನ ಕಾಪಾಡಿ ಮಕ್ಕಳ ಫಲ ಕೊಡ್ತಾನೆ, ಹುಟ್ಟಿದ ಇಬ್ಬರೇ ಕಾರಯ್ಯ ಬಿಲ್ಲಯ್ಯ. ಸೋಲಿಗರು ಹೇಳೋದರಲ್ಲಿ ಕಾರಯ್ಯ ಕಾಡಲ್ಲೇ ಉಳಿದ, ನಾವು ಅವನ ಕಡೆಯೋರು, ಬಿಲ್ಲಯ್ಯ ನಾಡಿನ ಕಡೆ ಹೋದ, ಕೆಳಗಿನ ಲಿಂಗಾಯತರು ಅವನ ಕಡೆಯೋರು. ಇದನ್ನ ಗಮನಿಸಿ ಮೇಡಂ, ನಾಡಿನೋರನ್ನ ಅವರು ಅಣ್ಣತಮ್ಮ ಅಂತಾನೇ ಲೆಕ್ಕ ಹಾಕ್ತಾರೆ. ಬಿಳಿಗಿರಿರಂಗ ಅಂತೂ ಬಾವ. ಕುಸುಮಾಲೆ ಅನ್ನೋ ಸೋಲಿಗರ ಹುಡುಗಿನ ರಂಗಸ್ವಾಮಿ ಮುದುಕನ ವೇಷದಲ್ಲಿ ಬಂದು ಮರುಳು ಮಾಡಿ ಮದುವೆ ಆದ ಅಂತ ಕಥೆ, ಅದಕ್ಕೇ ರಂಗಬಾವ. ನಾವು ವೆಂಕಟರಮಣಸ್ವಾಮಿ ಮುಂದೆ ಕೈಮುಗಿದು ನಿಲ್ತೀವಿ, ಅವರು ದೇವರ ಜೊತೆ ಬಾವನ ಸಲಿಗೆಲಿ ಮಾತಾಡ್ತಾರೆ, ಎಷ್ಟು ವ್ಯತ್ಯಾಸ ನೋಡಿ.

ಕುಲ ಐದು: ತೇನೇರು, ಸೂರೀರು, ಹಾಲರು, ಸೆಲಿಕೀರು, ಬೆಳ್ಳೇರು. ಉಚ್ಚಾರ ಪೋಡಿನಿಂದ ಪೋಡಿಗೆ ಸ್ವಲ್ಪ ಬದಲಾಗುತ್ತೆ, ಮಕ್ಕಳು ಒಂದಕ್ಷರ ಆಕಡೆ ಈಕಡೆ ಬರೆದಿದ್ರೆ ಮಾರ್ಕ್ಸ್ ಕಟ್ ಮಾಡಬೇಡಿ. ಒಂದೇ ಕುಲದೊಳಗೆ ಮದುವೆ ಇಲ್ಲ. ಮದುವೆಗೆ ಛತ್ರ, ಊಟ, ವಾಲಗ ಅಂತ ಸಾಲ ಮಾಡೋ ಪೈಕಿ ಅಲ್ಲ ಅವರು, ಹುಡುಗ ಹುಡುಗಿ ಒಪ್ಪಿ ಕಾಡಿಗೆ ಓಡಿಹೋಗೋದು, ನಾಲ್ಕು ದಿನ ಬಿಟ್ಟು ವಾಪಸ್ ಬರೋದು, ಯಜಮಾನರು ಸೇರಿ ಒಂದಿಷ್ಟು ತಪ್ಪು ದಂಡ ಹಾಕಿ ಗಂಡ ಹೆಂಡ್ತಿ ಅಂತ ಒಪ್ಪೋದು, ಹಳೇ ಪದ್ಧತಿ ಅದು.

ಇನ್ನು ಕಥೆ ಬಿಟ್ಟು "ನಿಜವಾಗ್ಲೂ" ಎಲ್ಲಿಂದ ಅಂದ್ರೆ, ಬೇರೆ ಕಡೆಯಿಂದ ವಲಸೆ ಬಂದ ನೆನಪು ಅವರ ಕಥೇಲೂ ಇಲ್ಲ ಹಾಡಲ್ಲೂ ಇಲ್ಲ, ಬಿಳಿಗಿರಿ ಬೆಟ್ಟ, ಮಾದೇಶ್ವರ ಬೆಟ್ಟ, ಅದರಾಚೆ ತಮಿಳುನಾಡಿನ ಸತ್ಯಮಂಗಲ ಕಾಡು, ಇಷ್ಟೇ ಅವರ ಲೋಕ. ಮಾತಾಡೋ ನುಡಿ ಕನ್ನಡಕ್ಕೆ ತೀರಾ ಹತ್ತಿರದ ದ್ರಾವಿಡ ನುಡಿ, ಅರ್ಧ ಗಂಟೆ ಕಿವಿಗೊಟ್ಟು ಕೂತ್ರೆ ನಮಗೂ ಹಿಡಿತ ಸಿಗುತ್ತೆ. 2011ರಲ್ಲಿ ಒಂದು ಡಿಎನ್‌ಎ ಅಧ್ಯಯನ ಬಂದು ಸೋಲಿಗರಿಗೂ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ ಹತ್ತಿರದ ಹೋಲಿಕೆ ಐತೆ ಅಂತು, ಯೂಟ್ಯೂಬ್‌ನೋರು ಅದನ್ನ ಹಿಡ್ಕೊಂಡು ಏನೇನೋ ಮಾಡಿದ್ರು. ಅದು ಡಿಎನ್‌ಎಯ ಕೆಲವೇ ಗುರುತುಗಳನ್ನ ನೋಡಿ ಮಾಡಿದ ಹೋಲಿಕೆ, ಅಷ್ಟರಿಂದ ಸೋಲಿಗರು ಆಸ್ಟ್ರೇಲಿಯಾದಿಂದ ಬಂದ್ರು ಅಂತ ಬರೆಯೋ ಹಾಗಿಲ್ಲ, ದಕ್ಷಿಣ ಭಾರತದ ತುಂಬ ಹಳೇ ಜನರಲ್ಲಿ ಇವರೂ ಒಬ್ಬರು ಅನ್ನೋವರೆಗೆ ನಿಲ್ಲಿಸಿದ್ರೆ ಸಾಕು.

ಬರವಣಿಗೆಲಿ ಸಿಗೋದು 1800ರಿಂದ. ಟಿಪ್ಪು ಸತ್ತ ಮಾರನೇ ವರ್ಷ ಬ್ರಿಟಿಷರು ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆ ಸರ್ವೆಗೆ ಕಳಿಸಿದ್ರಲ್ಲ, ಆ ಪುಣ್ಯಾತ್ಮ ಆ ಬೆಟ್ಟದ ಬುಡಕ್ಕೂ ಹೋಗಿ ಸೋಲಿಗರನ್ನ ನೋಡಿ ಬರೆದಿದಾನೆ, ರಾತ್ರಿ ಬೆಂಕಿ ಸುತ್ತ ಬಾಳೆಎಲೆ ಹಾಸಿ ಬಾಳೆಎಲೆನೇ ಹೊದ್ದು ಮಲಗ್ತಾರೆ ಅಂತ. ಮರುವರ್ಷ ಅದೇ ಮನುಷ್ಯ ನಮ್ಮ ಕಡೆ ಬಂದು ದಾವಣಗೆರೆಯ ಕಂಬಳಿ ವ್ಯಾಪಾರದ ಬಗ್ಗೆ ಬರೆದ. ಒಂದೇ ಪುಸ್ತಕದಲ್ಲಿ ಅವರ ಬಾಳೆಎಲೆನೂ ಐತೆ ನಮ್ಮ ಕಂಬಳಿನೂ ಐತೆ, ನಿಮ್ಮ ಮಕ್ಕಳಿಗೆ ಇದನ್ನ ಹೇಳಿ, ಖುಷಿ ಪಡ್ತಾರೆ.

ಮ್ಯಾಸನಾಯಕರ ಸಂಬಂಧ ಕೇಳಿದ್ರಿ. ಇಲ್ಲ. ಇಬ್ಬರೂ ಎಸ್‌ಟಿ ಲಿಸ್ಟಲ್ಲಿ ಇದಾರೆ ಅನ್ನೋದು ಬಿಟ್ರೆ ಬೇರೆ ನಂಟು ಕಾಣಲ್ಲ, ಅದೂ ನಾಯಕ ಸಮುದಾಯ ಲಿಸ್ಟಿಗೆ ಸೇರಿದ್ದು 1991ರಲ್ಲಿ. ನಮ್ಮ ಚಳ್ಳಕೆರೆ ಮೊಳಕಾಲ್ಮೂರು ಸೀಮೆ ಮ್ಯಾಸರದು ದನದ ಬದುಕು, ದೇವರ ಎತ್ತು, ಅದನ್ನ ಕಾಯೋ ಕಿಲಾರಿ, ಅವರ ವೀರ ಗಾದರಿ ಪಾಲನಾಯಕನ ಕಥೆ, ಕೋಳಿ ಮುಟ್ಟಲ್ಲ ಅನ್ನೋ ನೇಮ, ಎಲ್ಲಾ ಬಯಲಿನ ಹುಲ್ಲುಗಾವಲಿಗೆ ಅಂಟಿಕೊಂಡಿದ್ದು. ಸೋಲಿಗರದು ಬೆಟ್ಟ, ಜೇನು, ರಾಗಿ. ಮ್ಯಾಸರು ಎತ್ತಿನ ಹಿಂದೆ ಹೋದ್ರು, ಸೋಲಿಗರು ಎತ್ತನ್ನೇ ಕಟ್ಟಲಿಲ್ಲ.

ಎತ್ತು ಕಟ್ಟದೆ ಬೇಸಾಯ ಹೆಂಗೆ? ಇಳಿಜಾರಲ್ಲಿ ನೇಗಿಲು ಹೊಡೆದ್ರೆ ಮೊದಲ ಮಳೆಗೇ ಮಣ್ಣೆಲ್ಲ ಹಳ್ಳಕ್ಕೆ ಇಳಿದು ಹೋಗುತ್ತೆ, ಹಂಗಾಗಿ ನೇಗಿಲಿಲ್ಲ, ಮಚ್ಚು ಮತ್ತು ಗುದ್ದಲಿ ಅಷ್ಟೆ. ಬೇಸಿಗೆಲಿ ಒಂದು ತುಂಡು ಕಾಡಿನ ಪೊದೆ ಸವರಿ ಒಣಗೋಕೆ ಬಿಡ್ತಿದ್ರು, ಮಳೆಗೆ ಮುಂಚೆ ಸುಟ್ಟು ಆ ಬೂದಿಲೇ ಬೀಜ ಚೆಲ್ಲಿ ಗುದ್ದಲಿಲಿ ಕೆದಕಿಬಿಡೋದು. ಎರಡು ಮೂರು ವರ್ಷ ಬೆಳೆದು, ಇಳುವರಿ ಇಳೀತಾ ಬಂದ ಕೂಡ್ಲೆ ಆ ಜಾಗ ಬಿಟ್ಟು ಇನ್ನೊಂದು ಕಡೆ. ಬಿಟ್ಟ ಜಾಗ ಹಂಗೇ ಕಾಡಾಗುತ್ತೆ, ತುಂಬ ವರ್ಷ ಆದಮೇಲೆ ಬೇಕಾದ್ರೆ ತಿರುಗಿ ಬರೋದು.

ಆ ಹೊಲ ಹೆಂಗಿರ್ತಿತ್ತು ಅಂತ ಒಬ್ಬ ಅಜ್ಜಿ ನನಗೆ ತಮ್ಮ ಮನೆ ಹಿಂದಿನ ಹಿತ್ತಲಲ್ಲೇ ತೋರಿಸಿದ್ರು. ಎರಡು ಗುಂಟೆನೂ ಇರಲಿಲ್ಲ. ನಡುವೆ ರಾಗಿ, ರಾಗಿ ನಡುನಡುವೆ ಸಾಸಿವೆ ಹಳದಿ ಹೂವು, ಅಂಚಿಗೆ ಮುಸುಕಿನಜೋಳ, ಆ ಜೋಳದ ದಂಟಿಗೆ ಹಬ್ಬಿದ ಅವರೆ, ನೆಲದ ಮೇಲೆ ಕುಂಬಳದ ಬಳ್ಳಿ, ಕಾಲಿಟ್ಟಲ್ಲೆಲ್ಲ ಕೀರೆಸೊಪ್ಪು. ನಾನು ಕಾಲು ಎಲ್ಲಿಡಬೇಕು ಅಂತ ನೋಡ್ತಾ ನಿಂತೆ, ಆಯಮ್ಮ ಮಾತ್ರ ಮಾತಾಡ್ತಾ ಮಾತಾಡ್ತಾನೇ ಸರಸರ ಓಡಾಡಿ ಮಡಿಲು ತುಂಬ ಸೊಪ್ಪು ಕಿತ್ಕೊಂಡ್ರು. ಮೊದಲು ಸೊಪ್ಪು ಬರುತ್ತೆ, ಆಮೇಲೆ ಜೋಳದ ತೆನೆ, ಆಮೇಲೆ ಅವರೆ, ಆಮೇಲೆ ರಾಗಿ, ಕೊನೆಗೆ ಕುಂಬಳಕಾಯಿ ಅಟ್ಟಕ್ಕೆ ಏರಿ ಬೇಸಿಗೆವರೆಗೂ ಕೂರುತ್ತೆ. ಮಳೆ ಕೈಕೊಟ್ರೆ ಒಂದು ಹೋಗುತ್ತೆ, ಎಲ್ಲಾ ಹೋಗಲ್ಲ. ನಮ್ಮ ಅಜ್ಜಂದಿರು ಅಕ್ಕಡಿ ಸಾಲು ಅಂತ ಮಾಡ್ತಿದ್ದು ಇದೇ ಲೆಕ್ಕ ಅಲ್ವಾ, ಈಗ ದಾವಣಗೆರೆ ಸುತ್ತ ಎಲ್ಲಿ ನೋಡಿದ್ರೂ ಮೆಕ್ಕೆಜೋಳ ಒಂದೇ, ಒಂದು ಸೈನಿಕ ಹುಳು ಬಂದ್ರೆ ಇಡೀ ಹೋಬಳಿ ತಲೆಮೇಲೆ ಕೈ ಹೊತ್ತು ಕೂರುತ್ತೆ. ನಾನೇನು ಹಳೇದೆಲ್ಲ ಒಳ್ಳೇದು ಅನ್ನೋ ಪೈಕಿ ಅಲ್ಲ, ಅವರಿಗೂ ಹಸಿವಿನ ತಿಂಗಳು ಇರ್ತಿತ್ತು, ಕಾಡುಗೆಣಸು ಅಗೆದು ತಿಂದ ಕಥೆ ಅದೇ ಅಜ್ಜಿ ಹೇಳಿದ್ರು, ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಆನೆ ಹಂದಿ ಓಡಿಸೋದು ಅಂದ್ರೆ ಅದೂ ಸುಮ್ನೆ ಅಲ್ಲ.

ಹೊಸ ರಾಗಿ ಮನೆಗೆ ಬಂದಮೇಲೆ ರೊಟ್ಟಿ ಹಬ್ಬ. ಪೋಡಿನೋರೆಲ್ಲ ಸೇರಿ ಹೊಸ ರಾಗಿ ಹಿಟ್ಟಿನ ರೊಟ್ಟಿ ಸುಟ್ಟು ಕುಂಬಳಕಾಯಿ ಪಲ್ಯದ ಜೊತೆ ದೇವರಿಗೆ ಇಟ್ಟು ಆಮೇಲೆ ಹಂಚಿ ತಿನ್ನೋದು, ರಾತ್ರಿ ಬೆಂಕಿ ಸುತ್ತ ಗೊರುಕೊ ಗೊರುಕಾನ ಅಂತ ಹೆಜ್ಜೆ ಹಾಕೋದು. ರೊಟ್ಟಿ ನಮ್ಮ ಕಡೆ ಥರ ತಟ್ಟಿ ತೆಳ್ಳಗೆ ಮಾಡಿದ್ದಲ್ಲ, ದಪ್ಪ, ಒಂದು ತಿಂದ್ರೆ ಸಾಯಂಕಾಲದವರೆಗೂ ಹಸಿವಿಲ್ಲ.

ಈಗ ಬೆಂಕಿಗೆ ಬರ್ತೀನಿ. ಜನ ಎರಡು ಬೆಂಕಿನ ಒಂದೇ ಮಾಡಿ ಮಾತಾಡ್ತಾರೆ, ಗೊಂದಲ ಹುಟ್ಟೋದೇ ಅಲ್ಲಿ. ಹೊಲಕ್ಕೆ ಅಂತ ಸುಡೋದು ಒಂದು, ಅದು ಸವರಿದ ಅಷ್ಟು ಜಾಗಕ್ಕೆ ಮಾತ್ರ. ಇನ್ನೊಂದು ತರಗು ಬೆಂಕಿ. ತರಗು ಅಂದ್ರೆ ಉದುರಿದ ಎಲೆ. ಬೇಸಿಗೆ ಶುರು ಆಗೋ ಮುಂಚೆ, ಸುಮಾರು ಜನವರಿಲಿ, ನೆಲದಲ್ಲಿ ಇನ್ನೂ ತೇವ ಇರೋವಾಗಲೇ ಆ ತರಗಿಗೆ ಬೆಂಕಿ ಕೊಡ್ತಿದ್ರು. ಮೊಣಕಾಲೆತ್ತರನೂ ಏಳಲ್ಲ ಅದು, ಹುಲ್ಲಿನ ಒಣಗಿದ ತುದಿ ಎಲೆ ಸುಟ್ಟು, ದೊಡ್ಡ ಮರದ ತೊಗಟೆ ಸ್ವಲ್ಪ ಕಪ್ಪು ಮಾಡಿ ಮುಂದೆ ಹೋಗಿ ಸಂಜೆ ಇಬ್ಬನಿಗೆ ತಾನೇ ಆರಿಹೋಗುತ್ತೆ. ಮಳೆ ಬಿದ್ರೆ ಆ ಜಾಗದಲ್ಲಿ ಹೊಸ ಹುಲ್ಲು, ಹುಲ್ಲಿಗೆ ಜಿಂಕೆ, ಕಾಟಿ ಅಂದ್ರೆ ಕಾಡೆಮ್ಮೆ, ಉಣ್ಣೆಹುಳದ ಕಾಟನೂ ಕಮ್ಮಿ, ಕಾಡೊಳಗೆ ಆನೆ ನಿಂತಿದ್ರೆ ದೂರದಿಂದಲೇ ಕಾಣುತ್ತೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯ ಆಯ್ತು. ಸುಟ್ಟು ಬೆಳೆಯೋದು ನಿಂತ್ಹೋಯ್ತು, ಬೇಟೆ ನಿಂತ್ಹೋಯ್ತು, ಕಾಡೊಳಗೆ ಚದುರಿದ್ದ ಪೋಡುಗಳನ್ನ ರಸ್ತೆ ಪಕ್ಕದ ಕಾಲೋನಿಗೆ ತಂದು ಕೂರಿಸಿದ್ರು, ತರಗು ಬೆಂಕಿನೂ ಅಪರಾಧ ಆಯ್ತು. ಆಮೇಲೆ ಏನಾಯ್ತು ಅಂದ್ರೆ, ನಿಮ್ಮ ಮಕ್ಕಳು ರಸ್ತೆ ಎರಡೂ ಕಡೆ ಹಳದಿ ಕೆಂಪು ಹೂವಿನ ಪೊದೆ ಪಕ್ಕ ನಿಂತು ಫೋಟೊ ತೆಗೆಸ್ಕೊಂಡಿದಾರಲ್ಲ, ಅದು ಲಾಂಟಾನ. ಬ್ರಿಟಿಷರ ಕಾಲದಲ್ಲಿ ಅಮೆರಿಕಾ ಖಂಡದಿಂದ ತೋಟದ ಅಂದಕ್ಕೆ ತಂದ ಗಿಡ, ನಮ್ಮ ದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿಗೆ ಹೋದ್ರೂ ಸಿಗುತ್ತೆ. ಬಿಳಿಗಿರಿ ಕಾಡಿನ ತುಂಬ ಗುರುತು ಹಾಕಿದ ಜಾಗಗಳನ್ನ ಸಂಶೋಧಕರು 1997ರಲ್ಲಿ ಒಂದ್ಸಲ, 2008ರಲ್ಲಿ ಒಂದ್ಸಲ ಅಳೆದು ನೋಡಿದ್ರು, ಅಷ್ಟರಲ್ಲಿ ಲಾಂಟಾನ ಹೆಚ್ಚುಕಮ್ಮಿ ಎರಡರಷ್ಟು ಜಾಗಕ್ಕೆ ಹರಡಿತ್ತು. ಅದರ ಕೆಳಗೆ ಹುಲ್ಲಿಲ್ಲ, ನೆಲ್ಲಿ ಸಸಿ ಏಳಲ್ಲ. ಮೊದಲು ಚಿಕ್ಕ ಸಸಿ ಇದ್ದಾಗಲೇ ತರಗು ಬೆಂಕಿ ಅದನ್ನ ಸುಟ್ಟುಬಿಡ್ತಿತ್ತು, ಈಗ ಆಳೆತ್ತರ ಬೆಳೆದು ಒಣಗಿ ನಿಂತು, ಏಪ್ರಿಲ್‌ಲಿ ಯಾರೋ ಎಸೆದ ಬೀಡಿಗೆ ಹತ್ತಿಕೊಂಡ್ರೆ ಬೆಂಕಿ ಮರದ ತಲೆಗೇ ಹೋಗುತ್ತೆ. ಇದನ್ನ ಪೋಡಿನ ಹಿರಿಯರು ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ರು, ವಿಜ್ಞಾನಿಗಳು ಆಮೇಲೆ ಅದನ್ನ ಪೇಪರ್ ಬರೆದು ಒಪ್ಪಿದ್ರು. ಕಾಡು ಹಾಳಾಗೋಕೆ ಬೆಂಕಿ ಒಂದೇ ಕಾರಣ ಅಲ್ಲ, ಬೆಂಕಿ ನಿಲ್ಲಿಸಿದ್ದು ಒಂದೇ ಕಾರಣನೂ ಅಲ್ಲ, ಮಳೆ, ದನ ಮೇಯ್ಸೋದು, ಕಾಫಿ ಎಸ್ಟೇಟು, ಮರ ಕಡಿದ ಹಳೇ ಕಂಟ್ರಾಕ್ಟು ಎಲ್ಲಾ ಸೇರಿದಾವೆ, ಆದ್ರೆ ಆ ಡ್ರೈವರ್ ಹೇಳಿದ್ದು ಮಾತ್ರ ಉಲ್ಟಾ.

ನೆಲ್ಲಿ ಮರದ್ದು ನಾನೇ ನೋಡಿದ್ದು. ಒಬ್ರು ಅಣ್ಣನ ಜೊತೆ ನೆಲ್ಲಿಕಾಯಿಗೆ ಹೋಗಿದ್ದೆ, ಅವರು ಮರ ಹತ್ತಿದವರೇ ಮೊದಲು ಕಾಯಿಗೆ ಕೈ ಹಾಕಲಿಲ್ಲ, ಒಂದು ಕೊಂಬೆ ಹುಡುಕಿ ಅದರ ಮೇಲೆ ಬೇರೆ ಥರದ ದಪ್ಪ ಎಲೆ ಗೊಂಚಲು ಇತ್ತು, ಅದನ್ನ ಬುಡಸಮೇತ ಕೊಚ್ಚಿ ಕೆಳಗೆ ಹಾಕಿದ್ರು. ಬಂದಳಿಕೆ ಅಂತೀವಲ್ಲ ನಾವು, ಅವರು ಉಪ್ಪಿಲು ಅಂತಾರೆ, ಮರದ ರಸ ಹೀರಿ ಮರನೇ ಕೊಲ್ಲುತ್ತೆ. ಬೆಂಕಿ ಇದ್ದಾಗ ಇದು ಇಷ್ಟಿರಲಿಲ್ಲ ಸಾರ್, ಹೊಗೆ ಶಾಖಕ್ಕೆ ಒಣಗೋದು ಅಂದ್ರು. ಆಮೇಲೆ ಕಾಯಿ ಕಿತ್ರು, ಎಲ್ಲಾ ಅಲ್ಲ, ತುದಿ ಕೊಂಬೆದು ಬಿಟ್ರು. ಯಾಕೆ ಬಿಟ್ರಿ ಅಂದೆ. ಜಿಂಕೆಗೆ ಅಂದ್ರು. ಜೇನಿಗೂ ಅದೇ ಲೆಕ್ಕ, ಹೆಜ್ಜೇನು ತಟ್ಟಿ ಇಳಿಸೋವಾಗ ಒಂದು ಪಾಲು ಮರಿಗೆ ಅಂತ ಬಿಡ್ತಾರೆ.

ಇದೆಲ್ಲ ಬಿಡಿಬಿಡಿ ಒಳ್ಳೇ ಗುಣ ಅಂತ ಬರೀಬೇಡಿ. ಅದಕ್ಕೊಂದು ಕಟ್ಟು ಇತ್ತು. ಇಡೀ ಬೆಟ್ಟನ ಅವರು ಎಲ್ಲೆ ಅಂತ ಪಾಲು ಮಾಡ್ಕೊಂಡಿದಾರೆ, ಒಂದೊಂದು ಎಲ್ಲೆ ಒಂದೊಂದು ಕುಲದ್ದು, ಪ್ರತಿ ಎಲ್ಲೆಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಜಾಗ. ಅಬ್ಬಿ ಅಂದ್ರೆ ನೀರಿನ ತಾಣ. ಭಾರ್ಗವಿ ಹೊಳೆ ಪಕ್ಕದ ದೊಡ್ಡ ಸಂಪಿಗೆ ಮರನೇ ಒಂದು ದೊಡ್ಡ ದೇವರು, ನೂರಾರು ವರ್ಷದ ಮರ, ಬುಡದಲ್ಲಿ ಸಾಲಾಗಿ ಲಿಂಗದ ಕಲ್ಲು. ಪರಿಸರ ಸಂಶೋಧನೆ ಮಾಡೋ ಬೆಂಗಳೂರಿನ ಏಟ್ರೀ ಸಂಸ್ಥೆಯವರ ಜೊತೆ ಸೇರಿ ಸೋಲಿಗರೇ ಕಾಡಲ್ಲಿ ನಡೆದು ಜಿಪಿಎಸ್ ಹಿಡಿದು ಇಂಥ ನಾನೂರಕ್ಕೂ ಹೆಚ್ಚು ಜಾಗ ಮ್ಯಾಪ್ ಮಾಡಿದ್ರು. ಆ ಮ್ಯಾಪ್ ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ ಹೇಳೋಕಾಗಲ್ಲ.

ಯಾಕಂದ್ರೆ 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿ ಆಗಿ, ಅದರ ಹಿಂದೆಯೇ ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ಕೀಳಬಾರದು ಅಂತ ಬಂತು, ಜೇನು ನೆಲ್ಲಿ ಸೀಗೆ ಅಂಟುವಾಳ ಎಲ್ಲಾ ಬಂದ್. ನಮ್ಮ ಮಸಾಲೆಗೆ ಹಾಕೋ ಕಲ್ಲುಹೂವು ಇದೆಯಲ್ಲ, ಅದೂ ಅವರು ಮರದ ಮೇಲಿಂದ ಕಿತ್ತು ತಂದು ಲ್ಯಾಂಪ್ಸ್ ಅನ್ನೋ ಗಿರಿಜನರ ಸಹಕಾರಿ ಸೊಸೈಟಿಗೆ ಹಾಕ್ತಿದ್ದ ಪಾಚಿಯಂಥದ್ದೇ. ಬೇಸಾಯ ಮೊದಲೇ ಹೋಗಿತ್ತು, ಈಗ ಇದೂ ಹೋಗಿ ಎಷ್ಟೋ ಜನ ಕಾಫಿ ಎಸ್ಟೇಟಿಗೆ, ಕೊಡಗಿಗೆ, ಕೇರಳಕ್ಕೆ ಕೂಲಿ ಹೋದ್ರು. 2011ರ ಜನವರಿಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಇನ್ನು ಒಕ್ಕಲೆಬ್ಬಿಸ್ತಾರೆ ಅಂತ ಭಯ. ಅವರು ಸುಮ್ನೆ ಕೂರಲಿಲ್ಲ, 2006ರ ಅರಣ್ಯ ಹಕ್ಕು ಕಾಯ್ದೆ ಹಿಡ್ಕೊಂಡು ಸೋಲಿಗ ಸಂಘದೋರು ಪೋಡು ಪೋಡಲ್ಲಿ ಗ್ರಾಮಸಭೆ ಮಾಡಿ ಆ ಮ್ಯಾಪ್ ತೋರಿಸಿ ಅರ್ಜಿ ಹಾಕಿದ್ರು, ಅದೇ ವರ್ಷ ಅಕ್ಟೋಬರ್ 2ಕ್ಕೆ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು. ಹುಲಿ ಕಾಡಿನ ಒಳಗೇ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಆಗ ಪೇಪರಲ್ಲೆಲ್ಲ ಬಂದಿತ್ತು. ಜೇನು ತೆಗೆಯೋ ಹಕ್ಕು ಬಂತು, ತರಗು ಬೆಂಕಿ ಇಡೋ ಹಕ್ಕು ಬರಲಿಲ್ಲ.

ಈಗ ಪೋಡಿನ ಪಕ್ಕ ಒಂದು ಎರಡು ಎಕರೆಲಿ ಕಾಫಿ, ಅದಕ್ಕೆ ನೆರಳು ಮರ, ಮರಕ್ಕೆ ಮೆಣಸಿನ ಬಳ್ಳಿ. ರಾಗಿ ಹಾಕೋರು ಕಮ್ಮಿ, ಹಂದಿ ಕಾಟ, ಮತ್ತೆ ರೇಷನ್ ಅಕ್ಕಿ ಬರುತ್ತಲ್ಲ. ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಸ್ಕೂಲು ನೀವು ನೋಡಿರ್ತೀರಿ, ಅಲ್ಲಿ ಓದಿದ ಹುಡುಗರಲ್ಲಿ ಪಿಎಚ್‌ಡಿ ಮಾಡಿದೋರೂ ಇದಾರೆ, ಅದೇ ಬೆಂಕಿ ಲಾಂಟಾನದ ಮೇಲೆ ಕೆಲಸ ಮಾಡಿದೋರೂ ಇದಾರೆ. ಮಾದೇಶ್ವರ ಬೆಟ್ಟದ ಕಡೆ ಲಾಂಟಾನ ಕಡ್ಡಿಲಿ ಬೆತ್ತದ ಥರ ಕುರ್ಚಿ ಸೋಫಾ ಹೆಣೀತಾರೆ. ಮಕ್ಕಳು "ಅಳಿವಿನಂಚಿನ ಜನ" ಅಂತ ಬರೆದಿದ್ರೆ ಅದನ್ನೂ ತಿದ್ದಿಸಿ, ರಾಜ್ಯದಲ್ಲಿ ಮೂವತ್ತು ಸಾವಿರದ ಮೇಲೆ ಇದಾರೆ, ಸರ್ಕಾರದ ಪ್ರಕಾರ ವಿಶೇಷ ದುರ್ಬಲ ಬುಡಕಟ್ಟು ಅಂತ ನಮ್ಮ ರಾಜ್ಯದಲ್ಲಿ ಇರೋದು ಜೇನುಕುರುಬರು ಮತ್ತು ಕೊರಗರು ಇಬ್ಬರೇ. ಹೆಡ್ಡಿಂಗಂತೂ ಖಂಡಿತ ಬದಲಾಯಿಸಿ, ಬೇಕಾದ್ರೆ "ತರಗು ಬೆಂಕಿ" ಅಂತ ಇಡಿ.

ಚಪ್ಪಲಿ ವಿಷಯ. ಅದು ರಂಗಬಾವನದು. ರಾತ್ರಿಯೆಲ್ಲ ಕಾಡು ಸುತ್ತುತಾನಂತೆ, ಬೇಟೆಗೆ ಅಂತ ಕೆಲವರು, ಕುಸುಮಾಲೆ ಹುಡುಕ್ಕೊಂಡು ಅಂತ ಕೆಲವರು, ಸುತ್ತಿ ಸುತ್ತಿ ಚಪ್ಪಲಿ ಸವೆಯುತ್ತೆ. ಎರಡು ವರ್ಷಕ್ಕೊಂದು ಸಲ ಬೂದಿಪಡಗದ ಮಾದಿಗ ಸಮುದಾಯದೋರು ಹೊಸ ಜೊತೆ ಹೊಲಿದು ತಂದು ಒಪ್ಪಿಸ್ತಾರೆ. ಪೂಜಾರಿ ಅದನ್ನ ಎತ್ತಿ ಭಕ್ತರ ತಲೆ ಮೇಲೆ ತಟ್ಟೋದೇ ಆಶೀರ್ವಾದ, ನಿಮ್ಮ ಮಕ್ಕಳೂ ತಟ್ಟಿಸ್ಕೊಂಡಿರ್ತಾರೆ. ಹಳೇ ಜೊತೆ ಅಂಗಾಲು ನೋಡಿದ್ರೆ ಸವೆದಿರೋದು ಕಾಣುತ್ತೆ ಅಂತ ಅಲ್ಲಿನೋರು ಆಣೆ ಮಾಡಿ ಹೇಳ್ತಾರೆ, ನಾನು ಎರಡು ಸಲ ತಿರುಗಿಸಿ ನೋಡೋಕೆ ಹೋದೆ, ರಶ್ ಇತ್ತು, ಹಿಂದಿನೋರು ತಳ್ಳಿಬಿಟ್ರು.